ಸುಲಿದರೆ ಬರುವ ಬಣ್ಣ

ನಮ್ಮ ಮನೆ ಜಗತ್ತಿನಲ್ಲಿದೆ. "ಎಲ್ಲರ ಮನೆಯೂ ಇರುವುದು ಅಲ್ಲಿಯೇ ತಾನೆ, ಇದರಲ್ಲಿ ಹೇಳಿಕೊಳ್ಳುವುದೇನಿದೆ?" ಎಂದು ದಕ್ಷಿಣದ ಕಡೆಯ ಓದುಗರು ಹುಬ್ಬೇರಿಸಬಹುದು. ಕಲಬುರಗಿಯವರಿಗೆ ಮಾತ್ರ ಈ ಸಂಶಯ ಬಾರದು. ಅಂಬೇಡ್ಕರರ ಪ್ರತಿಮೆಯಿರುವ ವೃತ್ತಕ್ಕೂ ಅದರ ಸುತ್ತಲಿನ ಬಡಾವಣೆಗೂ ನಮ್ಮ ಊರಿನಲ್ಲಿ ಜಗತ್ ಎಂದೇ ಹೆಸರು. ಆಟೋದವರು "ಜಗತ್, ಜಗತ್" ಎಂದು ಕೂಗುವುದನ್ನು ಕೇಳಿದ ಹೊಸಬರು, ತಾವು ಬಂದಿಳಿದದ್ದು ವೇದಾಂತಿಗಳ ಊರಿಗೇನೋ ಎಂದು ಬೆರಗಾಗುವುದುಂಟು. ಆ ಜಗತ್ತಿನ ಒಂದು ಓಣಿಯಲ್ಲಿ, ಬೇವಿನ ಮರದ ನೆರಳಿನಲ್ಲಿ, ಶಹಾಬಾದ್ ಫರಸಿ ಹಾಸಿದ ಅಂಗಳದ ಮೇಲೆ ಒಂದು ಕೆಂಪು ಮಾರುತಿ ಕಾರು ನಿಂತಿದೆ. ಈ ಬರಹ ಅದರ ಮೈಬಣ್ಣವನ್ನು ಕುರಿತದ್ದು.

ಬಣ್ಣದ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗೆ ಎಷ್ಟು ಮಾತ್ರದ್ದು ಎಂಬುದನ್ನು ಮೊದಲೇ ಅರಿಕೆಮಾಡಿಕೊಳ್ಳುತ್ತೇನೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. 'ಬಣ್ಣ'ವೆಂಬುದು 'ವರ್ಣ'ದ ತದ್ಭವವೆಂದೂ, ವರ್ಣವೆಂದರೆ ಅಕ್ಷರವೂ ಹೌದೆಂದೂ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹುಡುಗರಿಗೆ ಹೇಳುತ್ತ ಬಂದಿದ್ದೇನೆ. ಅದಕ್ಕಿಂತ ಆಚೆಗಿನ ವರ್ಣಜ್ಞಾನವೆಲ್ಲ ನಮ್ಮ ತಂದೆಯವರ ಪಾಲಿಗೆ ಹೋಗಿ, ನನಗೆ ಅದರ ಚೂರೂ ಉಳಿಯಲಿಲ್ಲ. ಅವರು ಪ್ರೌಢಶಾಲೆಯಲ್ಲಿ ಚಿತ್ರಕಲೆಯ ಶಿಕ್ಷಕರಾಗಿದ್ದರು. ಇದೇ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನಿಮಾ ಭಿತ್ತಿಚಿತ್ರಗಳಿಂದಲೂ ದೇವತೆಗಳ ಕ್ಯಾಲೆಂಡರು ಚಿತ್ರಗಳಿಂದಲೂ ಪ್ರಸಿದ್ಧರಾದ ಎಸ್. ಎಂ. ಪಂಡಿತರೆಂದರೆ ಅವರಿಗೆ ದೈವಸಮಾನ. ಪಂಡಿತರ ಚಿತ್ರವಿದ್ದ ಹಳೆಯ ಕ್ಯಾಲೆಂಡರೊಂದನ್ನು ಮುಂದಿಟ್ಟುಕೊಂಡು, "ಕೆಂಪು ಅಂದ್ರ ಒಂದೇ ಅಲ್ಲ, ನೋಡು. ಈ ಸೀರಿ ಒಂದರಾಗೇ ಏಳು ಕೆಂಪು ಅವ" ಎಂದು ಎಣಿಸಿ ತೋರಿಸುತ್ತಿದ್ದರು. ನನ್ನ ಕಣ್ಣಿಗೆ ಎರಡಕ್ಕಿಂತ ಹೆಚ್ಚು ಎಂದೂ ಕಾಣಲಿಲ್ಲ. ಕಂಡಂತೆ ತಲೆಯಾಡಿಸುತ್ತಿದ್ದೆ.

ಅವರು ಈ ಕಾರನ್ನು ಕೊಂಡದ್ದು 2003ರಲ್ಲಿ, ಸೆಕೆಂಡ್ ಹ್ಯಾಂಡ್. 1998ರ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಗಾಡಿ ಗಿರಾಕಿಯ ಕೈಸೇರಿದಂದಿನಿಂದ 2014ರ ಆರಂಭದಲ್ಲಿ ತಯಾರಿಕೆ ನಿಲ್ಲುವವರೆಗೆ, ನಮ್ಮಂಥ ಸಂಬಳದಾರರ ಮನೆಗಳಿಗೆ ಕಾರೆಂದರೆ ಬಹುಮಟ್ಟಿಗೆ ಇದೇ ಆಗಿತ್ತಷ್ಟೆ. ಮಾರುವವನ ಬಳಿ ಅದೇ ಬೆಲೆಗೆ ಬಿಳಿಯ ಗಾಡಿಯೊಂದಿತ್ತು. ಅದರ ಎಂಜಿನ್ನೂ ಇದಕ್ಕಿಂತ ಚೆನ್ನಾಗಿತ್ತು. ಆದರೂ ತಂದೆಯವರು ಕೆಂಪನ್ನೇ ಹಿಡಿದರು. ಕಾರಣವನ್ನು ಕೇಳಿದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ: "ಇದು ನಮ್ಮೂರ ಬಾಳಿಹಣ್ಣಿನ ಬಣ್ಣ."

ಅವರ ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್ ಹೋದರೆ ಸಿಗುತ್ತದೆ. ಈಗ ಅದೇ ಒಂದು ತಾಲ್ಲೂಕು. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಂದಿದೆ. ಗಿಡ ಹಚ್ಚಿದ ಮೇಲೆ ಗೊನೆಗಾಗಿ ಇತರ ಬಾಳೆಗಿಂತ ಹೆಚ್ಚು ಕಾಲ ಕಾಯಬೇಕು. ಆದುದರಿಂದ ಬೆಲೆಯೂ ಹೆಚ್ಚು. ದಪ್ಪ ಸಿಪ್ಪೆ ಕಡುಗೆಂಪು. ಸುಲಿದರೆ ಒಳಗೆ ಕೆನೆಯ ಬಣ್ಣದ ತಿರುಳು. ಸಿಪ್ಪೆಯ ಆ ಕೆಂಪು ಹೊಳೆಯುವ ಕೆಂಪಲ್ಲ. ಮಣ್ಣಿನ ಮಡಕೆಗೆ ಎಣ್ಣೆ ಸವರಿದಂತೆ ಒಳಗೇ ಅಡಗಿರುವ ಕೆಂಪು. ಆ ಬಣ್ಣದ ಕಾರನ್ನು ತಂದೆಯವರು ಪ್ರತಿದಿನ ಬೆಳಗ್ಗೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಬಾನೆಟ್ಟಿನಿಂದ ಪ್ರಾರಂಭಿಸಿ, ಬಲಗಡೆಯ ಬಾಗಿಲುಗಳು, ಡಿಕ್ಕಿ, ಎಡಗಡೆಯ ಬಾಗಿಲುಗಳು ಎಂದು ಪ್ರದಕ್ಷಿಣೆ ಹಾಕಿ ಮುಗಿಸುವುದು. ಇಪ್ಪತ್ತು ವರ್ಷ ಈ ಪೂಜೆ ತಪ್ಪಲಿಲ್ಲ.

ಆದರೆ ನಮ್ಮ ಊರಿನ ಸೂರ್ಯ ಯಾರ ಪೂಜೆಗೂ ಒಲಿಯುವವನಲ್ಲ. ಬೇಸಿಗೆಯಲ್ಲಿ ಉಷ್ಣಮಾನ 42 ಡಿಗ್ರಿ ದಾಟುವುದು ಇಲ್ಲಿ ಸಮಾಚಾರವೇ ಅಲ್ಲ. ಬಣ್ಣಗಳಲ್ಲೆಲ್ಲ ಬಿಸಿಲಿಗೆ ಬೇಗ ಸೋಲುವುದು ಕೆಂಪು. ಕಡುಗೆಂಪು ಇಟ್ಟಿಗೆಯಾಯಿತು; ಇಟ್ಟಿಗೆ ಒಣಗಿದ ದಾಸವಾಳವಾಯಿತು; ಕೊನೆಗೆ ಒರೆಸಿದ ಬಟ್ಟೆಗೆ ಗುಲಾಬಿ ಬಣ್ಣದ ಹುಡಿ ಹತ್ತಲಾರಂಭಿಸಿತು. 2024ರ ಜನವರಿಯಲ್ಲಿ ತಂದೆಯವರು ತೀರಿಕೊಂಡರು. ಮರುದಿನದಿಂದ ಆ ಒದ್ದೆ ಬಟ್ಟೆ ನಮ್ಮ ಅವ್ವನ ಕೈಗೆ ಹೋಯಿತು.

ವರ್ಷದ ಕಾರ್ಯವೆಲ್ಲ ಮುಗಿದ ಮೇಲೆ, ಗಾಡಿಗೆ ಬಣ್ಣ ಹಾಕಿಸಬೇಕೆಂಬ ಸಲಹೆಯನ್ನು ಮುಂದಿಟ್ಟವಳು ನನ್ನಾಕೆ. "ನೋಡ್ರಿ, ಮಾರೂದು ಬ್ಯಾಡ ಅಂತೀರಿ, ಖರೆ. ಆದ್ರ ಮಂದಿ ಮದುವಿಗೆ ಇದರಾಗ ಹೋಗಿ ಇಳಿಯೂದು ಹ್ಯಾಂಗ?" ಎಂಬ ಅವಳ ಪ್ರಶ್ನೆಗೆ ನನ್ನ ಸಾಹಿತ್ಯಜ್ಞಾನದಲ್ಲಿ ಉತ್ತರವಿರಲಿಲ್ಲ. ಡೆಂಟಿಂಗ್ ಪೇಂಟಿಂಗಿನ ಉಸ್ತಾದರೊಬ್ಬರನ್ನು ಮನೆಗೆ ಕರೆತಂದೆ. ಅವರು ಕಾರಿನ ಸುತ್ತ ಎರಡು ಬಾರಿ ತಿರುಗಿ, ಉಗುರಿನಿಂದ ಅಲ್ಲಲ್ಲಿ ಗೀಚಿ ನೋಡಿ ತೀರ್ಪು ಕೊಟ್ಟರು: "ಹಳೇ ಬಣ್ಣ ಪೂರಾ ಉಜ್ಜಿ ತೆಗೀಬೇಕ್ರಿ ಸರ್. ಆಮ್ಯಾಲ ಪುಟ್ಟಿ, ಪ್ರೈಮರ್, ಆಮ್ಯಾಲ ಬಣ್ಣ. ಇದರ ಮ್ಯಾಲೇ ಹೊಡದ್ರ ನಿಲ್ಲಂಗಿಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವ್ವ ಹೊರಗೆ ಬಂದಳು. "ನಿಮ್ಮಪ್ಪ ಅವ್ರು ಇಪ್ಪತ್ತು ವರ್ಷ ಒರೆಸಿದ ಬಣ್ಣ ಅದು. ಅದನ್ನ ಉಜ್ಜಿ ಮೋರಿಗೆ ಬಿಡ್ತೀಯೇನು, ತಮ್ಮಾ? ಮ್ಯಾಲ ಏನರೆ ಹೊಚ್ಚು, ನಾ ಬ್ಯಾಡ ಅನ್ನಂಗಿಲ್ಲ. ಇದ್ದದ್ದು ತೆಗೀಬ್ಯಾಡ." ಇಷ್ಟು ಹೇಳಿ ಅವಳು ಒಳಗೆ ಹೋದಳು. ಉಸ್ತಾದರು ನನ್ನ ಮುಖ ನೋಡಿದರು. ನಾನು ಫರಸಿಯನ್ನು ನೋಡಿದೆ.

ತೆಗೆಯದೆ ಹೊಚ್ಚುವ ಉಪಾಯ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರ ಬಳಿ ದೊರೆಯಿತು. ಅವರು ಬೀದರಿನವರು. "ರಬ್ಬರಿನ ಬಣ್ಣವೊಂದಿದೆ. ಹೊಡೆದರೆ ಬಣ್ಣ, ಸುಲಿದರೆ ಸಿಪ್ಪೆ" ಎಂದರು. ನಾನು ನಗೆಯಾಡುತ್ತಿದ್ದಾರೆಂದು ತಿಳಿದೆ. ಅವರು ವಿವರಿಸಿದರು. ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ 1972ರಲ್ಲಿ ಆರಂಭವಾದ ಸಂಸ್ಥೆಯೊಂದು ಪ್ಲಾಸ್ಟಿ ಡಿಪ್ ಎಂಬ ದ್ರವವನ್ನು ತಯಾರಿಸಿತು. ಇಕ್ಕಳ, ಸುತ್ತಿಗೆಗಳ ಹಿಡಿಯನ್ನು ಅದರಲ್ಲಿ ಅದ್ದಿ ತೆಗೆದರೆ ಕೈ ಜಾರದಂತೆ ರಬ್ಬರಿನ ಹೊದಿಕೆ ಕೂತುಕೊಳ್ಳುತ್ತಿತ್ತು. ಅದ್ದುವುದನ್ನು ಸಿಂಪಡಿಸಲೂ ಬಹುದೆಂದಾಗ, ಕಾರಿನ ಚಕ್ರಗಳಿಗೆ ಹೊಡೆದವರಾರೋ. ಚಕ್ರದಿಂದ ಬಾನೆಟ್ಟಿಗೆ, ಬಾನೆಟ್ಟಿನಿಂದ ಇಡೀ ಗಾಡಿಗೆ ಅದು ಹರಡಿತು. ಈ ಶತಮಾನದ ಎರಡನೆಯ ದಶಕದಲ್ಲಿ ಅಲ್ಲಿನ ಯುವಕರಿಗೆ ಅದೊಂದು ಹುಚ್ಚೇ ಆಗಿಹೋಯಿತಂತೆ. ಅದೇ ಜಾತಿಯ ಬಣ್ಣಗಳನ್ನು ಈಗ ಬೇರೆ ಬೇರೆ ಹೆಸರಿನಲ್ಲಿ ಹಲವರು ತಯಾರಿಸುತ್ತಾರೆ. ನಮ್ಮ ದೇಶದಲ್ಲೂ ಸಿಗುತ್ತವೆ.

"ಅಂಟಿಕೊಳ್ಳುವ ವಸ್ತು ಸುಲಿದರೆ ಬರುವುದು ಹೇಗೆ? ಸುಲಿದರೆ ಬರುವುದು ಮಳೆಗೆ ನಿಲ್ಲುವುದು ಹೇಗೆ?" ಎಂಬುದು ನನ್ನ ಶಂಕೆ. ಅದಕ್ಕೆ ಮಿತ್ರರು ತಮ್ಮ ಊರಿನ ಬಿದರಿ ಕೆಲಸವನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂಡಿಸಿದ ಪಾತ್ರೆಯನ್ನು ಕೊನೆಯಲ್ಲಿ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ; ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಮೇಲೆ ಬಳಿದದ್ದಲ್ಲ. ಲೋಹದ ಮೈಯೇ ಬದಲಾದದ್ದು. ಕಾರ್ಖಾನೆಯಲ್ಲಿ ಕಾರಿಗೆ ಹಾಕುವ ಬಣ್ಣ ಲೋಹದ ಮೈಯನ್ನು ಬದಲಿಸುವುದಿಲ್ಲ. ಆದರೆ ಪ್ರೈಮರಿನ ಹಲ್ಲು ಕಚ್ಚಿ, ಭಟ್ಟಿಯ ಶಾಖಕ್ಕೆ ಬೆಂದು ಗಟ್ಟಿಯಾಗುತ್ತದೆ. ರಬ್ಬರಿನ ಬಣ್ಣ ಇವೆರಡರಂತೆಯೂ ಅಲ್ಲ. ಸಿಂಪಡಿಸಿದಾಗ ಅದರೊಳಗಿನ ದ್ರಾವಕ ಆರಿಹೋಗಿ, ರಬ್ಬರಿನ ಪೊರೆಯೊಂದು ಉಳಿಯುತ್ತದೆ. ಅದು ಕೆಳಗಿನ ಬಣ್ಣವನ್ನು ಕಚ್ಚುವುದಿಲ್ಲ, ಬರಿದೆ ಒರಗಿಕೊಂಡಿರುತ್ತದೆ. ಕೆಳಗಿನದರೊಡನೆ ಅದಕ್ಕಿರುವ ಅಂಟಿಗಿಂತ ತನ್ನ ಕಣಕಣಗಳ ನಡುವಿನ ಬಿಗಿಯೇ ಹೆಚ್ಚು. ಆದ್ದರಿಂದ ಅಂಚು ಹಿಡಿದು ಎಳೆದರೆ ಹರಿಯದೆ ಹಾಳೆಯಂತೆ ಎದ್ದುಬರುತ್ತದೆ. ಅಂಚು ಸರಿಯಾಗಿ ಕೂತಿದ್ದರೆ ಮಳೆ ಗಾಳಿಗಳಿಗೆ ಒಳಗೆ ದಾರಿಯಿಲ್ಲ. ಚೆನ್ನಾಗಿ ಹೊಡೆದದ್ದು ಸುಮಾರು ಮೂರು ವರ್ಷ ಬಾಳುತ್ತದೆಂದು ಲೆಕ್ಕ.

ಇದ್ದದ್ದು ಇದ್ದಂತೆಯೇ ಇದ್ದು, ಹೊಸದು ಮೇಲೆ ಬರುವುದಾದರೆ ಅತ್ತೆ ಸೊಸೆಯರಿಬ್ಬರನ್ನೂ ಒಂದೇ ಡಬ್ಬಿಯಿಂದ ಒಲಿಸಬಹುದಲ್ಲವೆ! ನನ್ನಾಕೆ ನೀಲಿಯೆಂದಳು, ಮಗಳು ಹಸಿರೆಂದಳು. ಅಷ್ಟರಲ್ಲಿ ಕಾನೂನು ಓದಿದ ಬಂಧುವೊಬ್ಬರು ಎಚ್ಚರಿಸಿದರು. ವಾಹನದ ನೋಂದಣಿ ಪತ್ರದಲ್ಲಿ ಬಣ್ಣವೂ ಒಂದು ವಿವರ. 1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ ಆ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಬಾರದು. ಬಣ್ಣ ಬದಲಿಸುವವರು ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮತಿ ಪಡೆದು ಪತ್ರದಲ್ಲಿ ನಮೂದಿಸಿಕೊಳ್ಳಬೇಕು. 'ಸುಲಿದರೆ ಬರುತ್ತದೆ ಸ್ವಾಮಿ' ಎಂಬ ಮಾತು ರಸ್ತೆಯಲ್ಲಿ ತಪಾಸಣೆಗೆ ನಿಂತವರ ಮುಂದೆ ನಡೆಯುವಂಥದಲ್ಲ. ಪೆಟ್ಟಿಗೆಯಿಂದ ಪತ್ರ ತೆಗೆದು ನೋಡಿದೆವು. ಕೆಎ 32 ಎಂದು ಪ್ರಾರಂಭವಾಗುವ ಸಂಖ್ಯೆಯ ಕೆಳಗೆ ಬಣ್ಣ ಕೆಂಪೆಂದಿತ್ತು. ಅವ್ವನಿಗೆ ಸಮಾಧಾನವಾಯಿತು. ಕೆಂಪಿನ ಮೇಲೆ ಕೆಂಪೆಂದು ತೀರ್ಮಾನವಾಯಿತು.

2025ರ ಯುಗಾದಿ ಕಳೆದ ವಾರ ಕಾರ್ಯಾರಂಭ. ಡಬ್ಬಿಗಳನ್ನು ತರಿಸಿ, ಉಸ್ತಾದರಿಂದ ಕಂಪ್ರೆಸರನ್ನೂ ಸ್ಪ್ರೇ ಗನ್ನನ್ನೂ ಬಾಡಿಗೆಗೆ ತಂದೆ. ಕೆಲಸವನ್ನೂ ಅವರಿಗೇ ಒಪ್ಪಿಸಬಹುದಿತ್ತು. ಆದರೆ ತಂದೆಯವರ ಕಾರಿಗೆ ನನ್ನ ಕೈಯಿಂದಲೇ ಬಣ್ಣವಾಗಬೇಕೆಂಬ ಅಭಿಮಾನ ಹತ್ತಿತು. ಮಧ್ಯಾಹ್ನ ಎರಡು ಗಂಟೆಗೆ, ಯಾರೂ ನೋಡದ ಹೊತ್ತೆಂದು, ಬಾನೆಟ್ಟಿನ ಮೂಲೆಯಲ್ಲಿ ಪರೀಕ್ಷೆ ಮಾಡಿದೆ. ಆ ಬಿಸಿಲಿಗೆ ಹನಿಗಳು ಗಾಡಿಯನ್ನು ತಲುಪುವ ಮೊದಲೇ ಗಾಳಿಯಲ್ಲಿ ಆರಿ, ಬಾನೆಟ್ಟಿನ ಮೇಲೆ ರವೆ ಚೆಲ್ಲಿದಂತಾಯಿತು. ಸುಲಿಯೋಣವೆಂದರೆ ಸುಲಿಯಲೂ ಒಲ್ಲದು. ಪೊರೆ ತೆಳುವಾಗಿದ್ದರೆ ಹಾಳೆಯಾಗಿ ಏಳುವುದಿಲ್ಲ. ಶಾಲೆಯ ಹುಡುಗರು ಅಳಿಸಿದ ರಬ್ಬರಿನ ಹುಡಿಯಂತೆ ಚೂರುಚೂರಾಗಿ ಬೆರಳಿಗೆ ಹತ್ತುತ್ತದೆ. ಮಿತ್ರರಿಗೆ ಫೋನು ಮಾಡಿದೆ. "ಅದರ ಮೇಲೆ ಇನ್ನೂ ನಾಲ್ಕು ಸಲ ಹೊಡೆಯಿರಿ. ದಪ್ಪವಾದ ಮೇಲೆ ತಾನೇ ಬರುತ್ತದೆ" ಎಂದರು. ತೆಗೆಯಬೇಕಾದುದರ ಮೇಲೆ ಇನ್ನಷ್ಟು ಬಳಿಯಿರೆಂಬ ಉಪದೇಶ ವಿಚಿತ್ರವಾಗಿ ತೋರಿದರೂ ಪಾಲಿಸಿದೆ. ಸಂಜೆಗೆ ಎಲ್ಲವೂ ಒಂದೇ ಹಾಳೆಯಾಗಿ ಎದ್ದುಬಂತು.

ಮರುದಿನ ಬೆಳಗಿನ ಐದು ಗಂಟೆಗೆ ನಿಜವಾದ ಕೆಲಸ. ಹಿಂದಿನ ದಿನವೇ ಸೋಪಿನ ನೀರಿನಿಂದ ಗಾಡಿಯನ್ನು ತೊಳೆದು, ಗುಲಾಬಿ ಹುಡಿ ಬಿಡುವುದು ನಿಲ್ಲುವವರೆಗೆ ಒರೆಸಿದ್ದಾಗಿತ್ತು. ಧೂಳೇಳದಂತೆ ಅಂಗಳಕ್ಕೆ ನೀರು ಹೊಡೆದೆ. ಗಾಜುಗಳನ್ನೂ ದೀಪಗಳನ್ನೂ ಮುಚ್ಚಲು ಕಾಗದ ಬೇಕಾಗಿ, ಮೂಲೆಯಲ್ಲಿ ಪೇರಿಸಿಟ್ಟಿದ್ದ ವಾರಪತ್ರಿಕೆಗಳಿಗೆ ಕೈಹಾಕಿದೆ. ಧಾರಾವಾಹಿಯ ಮೂರು ಕಂತುಗಳು ಗಾಜಿಗೆ ಅಂಟಿಕೊಂಡವು. ಅವುಗಳಲ್ಲಿ ಒಂದನ್ನು ತಾನಿನ್ನೂ ಓದಿರಲಿಲ್ಲವೆಂದು ಸಿಟ್ಟಾದ ನನ್ನಾಕೆ, ಕಾರಿನ ಸುತ್ತ ಬಗ್ಗಿ ಬಗ್ಗಿ ತಿರುಗುತ್ತ ಕಥಾನಾಯಕಿಯ ಗತಿಯೇನಾಯಿತೆಂದು ತಿಳಿದುಕೊಂಡಳು. ದ್ರಾವಕ ಬೆಂಕಿಗೆ ಹತ್ತಿಕೊಳ್ಳುವಂಥದಾದ್ದರಿಂದ ಅವ್ವ ಒಲೆ ಹಚ್ಚದೆ ಕೂತಳು. ಪಕ್ಕದ ಮನೆಯ ಹಿರಿಯರು ಬೀಡಿಯನ್ನು ಕಿವಿಯ ಮೇಲೇ ಇಟ್ಟುಕೊಂಡರು. ನಾನು ಮೂಗಿಗೆ ಮುಸುಕು ಕಟ್ಟಿಕೊಂಡೆ. ಅದರ ವಾಸನೆ ತಲೆಗೇರಿದರೆ ಸುತ್ತು ಬರುತ್ತದೆ.

ಮೊದಲ ಸಲ ಹೊಡೆಯುವುದು ಮುಖಕ್ಕೆ ಪೌಡರ್ ಹಚ್ಚಿದಷ್ಟು. ಹಳೆಯ ಬಣ್ಣ ಅರ್ಧ ಕಾಣುತ್ತಿರಬೇಕು. ಆ ತೆಳುಪದರಕ್ಕೇ ಮುಂದಿನವು ಹಿಡಿದುಕೊಳ್ಳುವುದು. ಅನಂತರ ಕಾಲು ಗಂಟೆಗೊಮ್ಮೆ, ಪ್ರತಿ ಸಲವೂ ಸ್ವಲ್ಪ ಹೆಚ್ಚು ಒದ್ದೆಯಾಗಿ, ಒಟ್ಟು ಆರು ಸಲ. ಕೊನೆಯ ಪದರ ಹಸಿಯಿರುವಾಗಲೇ ಅಂಚಿನ ಟೇಪುಗಳನ್ನು ಕಿತ್ತುಬಿಡಬೇಕು. ಆರಿದ ಮೇಲೆ ಕಿತ್ತರೆ ಬಣ್ಣವೂ ಅದರ ಜೊತೆಗೇ ಹೊರಡುತ್ತದೆ. ಇದೆಲ್ಲ ಕ್ರಮವಾಗಿಯೇ ನಡೆಯಿತು. ಚೈತ್ರಮಾಸದ ಬೇವಿನ ಮರ ಮಾತ್ರ ಯಾರನ್ನೂ ಕೇಳದೆ ಕಾರಿನ ನೆತ್ತಿಯ ಮೇಲೆ ಹೂ ಉದುರಿಸಿತು. ಒಂದೆರಡನ್ನು ಕಡ್ಡಿಯಿಂದ ತೆಗೆದೆ. ಉಳಿದವು ಬಣ್ಣದೊಳಗೇ ಉಳಿದವು. ಫರಸಿಯ ಮೇಲೂ ಸಾಕಷ್ಟು ಬಿದ್ದಿತ್ತು. ನುಣುಪಾದ ಕಲ್ಲಿನಿಂದ ಅದು ಸುಲಭವಾಗಿ ಎದ್ದುಬಂತು; ಒರಟು ಕಲ್ಲಿನ ಸಂದುಗಳಲ್ಲಿ ಇಳಿದದ್ದು ಇಂದಿಗೂ ಅಲ್ಲೇ ಇದೆ.

ಒಂಬತ್ತು ಗಂಟೆಗೆ ಅವ್ವ ಹೊರಗೆ ಬಂದು ನಿಂತಳು. ರಬ್ಬರಿನ ಬಣ್ಣಕ್ಕೆ ಹೊಳಪಿಲ್ಲ. ಗಾಡಿಯ ಮೈ ಮೇಣ ಸವರಿದಂತೆ ಮಂದವಾಗಿ, ಮೆತ್ತಗೆ, ಕಡುಗೆಂಪಾಗಿ ಕಾಣುತ್ತಿತ್ತು. ಹೊಳಪಿಲ್ಲವೆಂದು ನನಗೆ ಅಳುಕು. ಅವ್ವ ಬಹಳ ಹೊತ್ತು ನೋಡಿದಳು. "ಈಗ ಖರೆ ಬಾಳಿಹಣ್ಣಿನ ಸಿಪ್ಪಿ ಹಾಂಗ ಆಗ್ಯದ ನೋಡು" ಎಂದಳು. ಆ ಬೇಸಿಗೆಯಲ್ಲಿ ಕಮಲಾಪುರದ ಮದುವೆಗೆ ನಾವು ಹೋಗಿ ಇಳಿದಾಗ ನನ್ನಾಕೆ ಮುಂದಿನ ಸೀಟಿನಿಂದ ಎಲ್ಲರಿಗೂ ಕಾಣುವಂತೆ ಸಾವಕಾಶವಾಗಿ ಇಳಿದಳು.

ತೊಂದರೆಗಳಿರಲಿಲ್ಲವೆಂದಲ್ಲ. ಪೆಟ್ರೋಲಿಗೆ ಈ ಬಣ್ಣ ಕರಗುತ್ತದೆ. ಪಂಪಿನಲ್ಲಿ ನಳಿಕೆಯಿಂದ ಸೋರಿದ ನಾಲ್ಕು ಹನಿ ಟ್ಯಾಂಕಿನ ಮುಚ್ಚಳದ ಕೆಳಗೆ ಕಣ್ಣೀರಿನ ಜಾಡಿನಂತೆ ಇಳಿದು ಅಲ್ಲಿನ ರಬ್ಬರನ್ನು ಅಂಟಂಟಾಗಿಸಿತು. ಆ ಮೇಲೆ ಕಿಸೆಯಲ್ಲಿ ಬಟ್ಟೆಯಿಟ್ಟುಕೊಂಡು ಪೆಟ್ರೋಲ್ ಹಾಕಿಸುವುದನ್ನು ಕಲಿತೆ. ಬೆಳಗಿನ ಒರೆಸುವ ಕೆಲಸ ಅವ್ವನಿಂದ ನನಗೆ ಬಂತು. ಅವಳ ಮಂಡಿ ಬಗ್ಗುತ್ತಿರಲಿಲ್ಲ. ಹೀಗೆ ಎಂಟು ತಿಂಗಳು ಕಳೆದವು.

ಡಿಸೆಂಬರಿನ ಒಂದು ಭಾನುವಾರ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂತಿದ್ದೆ. ಏಳು ವರ್ಷದ ಮಗಳು ಬಂದು ಬಾಗಿಲಲ್ಲಿ ನಿಂತಳು. ಕೈ ಹಿಂದಿತ್ತು; ಮುಖ ಕಪ್ಪಿಟ್ಟಿತ್ತು. "ಅಪ್ಪಾ, ನಾ ಕಾರಿನ ಸಿಪ್ಪಿ ಸುಲದೀನಿ" ಎಂದಳು. ಎಲ್ಲಿಯೋ ಎದ್ದಿದ್ದ ಅಂಚೊಂದು ಅವಳ ಕಣ್ಣಿಗೆ ಬಿದ್ದಿದೆ. ಎದ್ದ ಅಂಚನ್ನು ಎಳೆಯದೆ ಬಿಡುವ ಮಗು ಇನ್ನೂ ಹುಟ್ಟಬೇಕಷ್ಟೆ. ಸಿಟ್ಟಾಗಲು ಕಾರಣವಿರಲಿಲ್ಲ. ಸುಲಿಯಲೆಂದೇ ಇರುವ ಬಣ್ಣವನ್ನು ಸುಲಿದಿದ್ದಾಳೆ, ಮತ್ತೆ ಹೊಡೆದರಾಯಿತು. ಆದರೆ ಅವಳು ಹಿಂದಿನಿಂದ ಮುಂದಕ್ಕೆ ತಂದ ಹಾಳೆಯನ್ನು ನೋಡಿ ಎದ್ದು ನಿಂತೆ. ರಬ್ಬರಿನ ಒಳಮೈಗೆ ಅಂಗೈಯಗಲ ಇನ್ನೊಂದು ಕೆಂಪು ಗಟ್ಟಿಯಾಗಿ ಅಂಟಿಕೊಂಡಿತ್ತು.

ಹೊರಗೆ ಹೋಗಿ ನೋಡಿದೆ. ಎಡಗಡೆಯ ಹಿಂದಿನ ಬಾಗಿಲು. ಎಲ್ಲ ಕಡೆ ತಂದೆಯವರ ಮಾಸಿದ ಕೆಂಪು ಹಾಗೆಯೇ ಇದೆ. ಅವ್ವನಿಗೆ ಕೊಟ್ಟ ಮಾತನ್ನು ರಬ್ಬರು ಅಕ್ಷರಶಃ ಉಳಿಸಿಕೊಂಡಿದೆ. ಕೆಳಭಾಗದಲ್ಲಿ ಒಂದು ಕಡೆ ಮಾತ್ರ ಬಣ್ಣವಿಲ್ಲ. ಬೂದು ಬಣ್ಣದ ಪುಟ್ಟಿ, ಅದರ ನಡುವೆ ತುಕ್ಕಿನ ಒಂದು ಗೆರೆ. ಅದನ್ನು ಗುರುತಿಸಲು ನನಗೆ ಯಾವ ಉಸ್ತಾದರೂ ಬೇಕಾಗಿರಲಿಲ್ಲ.

2009ರ ಮಾತು. ನನಗೆ ಹತ್ತೊಂಬತ್ತು. ತಂದೆಯವರು ಪರೀಕ್ಷೆಯ ಕೆಲಸದ ಮೇಲೆ ಒಂದು ವಾರ ಬೆಂಗಳೂರಿಗೆ ಹೋಗಿದ್ದರು. ನಾನು ಗೆಳೆಯರನ್ನು ಕೂಡಿಸಿಕೊಂಡು, ಯಾರಿಗೂ ಹೇಳದೆ ಕಾರನ್ನು ಕಮಲಾಪುರಕ್ಕೆ ಒಯ್ದೆ. ಬಾಳೆಯ ತೋಟದ ಬಾಗಿಲಿನ ಕಲ್ಲುಗಂಬದ ಬಳಿ ಬೇಗ ತಿರುಗಿಸಿದೆ. ಹಿಂದಿನ ಬಾಗಿಲು ಕಲ್ಲಿಗೆ ಉಜ್ಜಿಕೊಂಡು ಒಳಗೆ ಹೋಯಿತು. ಊರ ಹೊರಗಿನ ಅಗ್ಗದ ಅಂಗಡಿಯೊಂದರಲ್ಲಿ, ಗೆಳೆಯರೆಲ್ಲರ ಕಿಸೆಯಿಂದ ಕೂಡಿದ ದುಡ್ಡಿಗೆ, ಎರಡು ದಿನದಲ್ಲಿ ಅದನ್ನು ಮೊದಲಿನಂತೆ ಮಾಡಿಸಿದೆ. ಗಾಡಿ ಸರ್ವಿಸಿಂಗಿಗೆ ಹೋಗಿದೆಯೆಂದು ಅವ್ವನಿಗೆ ಹೇಳಿದೆ. ತಂದೆಯವರು ಬಂದರು, ಮರುದಿನ ಎಂದಿನಂತೆ ಕಾರು ಒರೆಸಿದರು, ಏನೂ ಅನ್ನಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ಆಗಿದ್ದುದೇನೆಂದು ಈಗ ತಿಳಿಯಿತು. ಕಾರ್ಖಾನೆಯಲ್ಲಿ ಬೆಂದ ಬಣ್ಣವನ್ನು ಈ ರಬ್ಬರು ಎಂದೂ ಕೀಳಲಾರದು. ಆದರೆ ಮಧ್ಯೆ ಯಾರೋ ಅವಸರದಲ್ಲಿ, ಸರಿಯಾಗಿ ಉಜ್ಜದೆ, ಪ್ರೈಮರಿಲ್ಲದೆ ಬಳಿದ ಬಣ್ಣವಿದ್ದರೆ, ಕೆಳಗಿನದರೊಡನೆ ಅದಕ್ಕಿರುವ ನಂಟಿಗಿಂತ ಮೇಲಿನ ರಬ್ಬರಿನ ಹಿಡಿತವೇ ಬಲವಾಗಿ, ಸುಲಿದಾಗ ಎರಡೂ ಒಟ್ಟಿಗೆ ಬರುತ್ತವೆ. ಇದನ್ನು ಮಿತ್ರರು ಮೊದಲೇ ಹೇಳಿದ್ದರು: "ಎಲ್ಲಾದರೂ ರಿಪೇರಿಯಾಗಿದೆಯೆ, ನೆನಪಿಸಿಕೊಳ್ಳಿ." ಇಲ್ಲವೆಂದಿದ್ದೆ. ಹದಿನಾರು ವರ್ಷ ಇಲ್ಲವೆಂದು ಹೇಳುತ್ತ ಬಂದದ್ದು ನನಗೇ ನಿಜವಾಗಿಹೋಗಿತ್ತು.

ಅವ್ವ ಬಂದು ಪಕ್ಕದಲ್ಲಿ ನಿಂತಳು. ಬೂದುಬಣ್ಣದ ಕಲೆಯನ್ನು ನೋಡಿದಳು. ನಾನು ಬಾಯಿಬಿಡುವ ಮೊದಲೇ, "ಅವರಿಗಿ ಗೊತ್ತಿತ್ತು, ತಮ್ಮಾ" ಎಂದಳು.

"ಬೆಂಗಳೂರಿಂದ ಬಂದ ಮರುದಿನ ಮುಂಜಾನೆ ಒರಸಕೋತ ಇಲ್ಲಿ ನಿಂತ್ರು. ಒಳಗ ಬಂದು ನನಗ ಅಂದ್ರು, 'ಹಿಂದಿನ ಬಾಗಿಲಿಂದು ಕೆಂಪು ಬ್ಯಾರೆ ಆಗ್ಯದ. ಎಲ್ಲೋ ಬಡಸ್ಯಾನ. ಅವನೇ ಬಂದು ಹೇಳ್ತಾನ, ನೀ ಕೇಳಬ್ಯಾಡ' ಅಂತ. ಒಂದೆರಡು ವರ್ಷ ಕಾದ್ರು. ಆಮ್ಯಾಲ ಆ ಮಾತ ತೆಗೀಲಿಲ್ಲ. ಒರಸುವಾಗ ಇಲ್ಲಿ ಕೈ ಸಾವಕಾಶ ಆಗ್ತಿತ್ತು, ಅಷ್ಟೇ."

ಒಂದೇ ಸೀರೆಯಲ್ಲಿ ಏಳು ಕೆಂಪುಗಳನ್ನು ಎಣಿಸುವ ಕಣ್ಣಿಗೆ ಎರಡು ದಿನದ ಅಂಗಡಿಯ ಕೆಂಪು ಕಾಣದೆಂದು ನಾನು ನಂಬಿದ್ದೆ! ಆಗ ಇನ್ನೊಂದು ನೆನಪಾಯಿತು. ನನಗೆ ಕೆಲಸ ಸಿಕ್ಕ ವರ್ಷ ತಂದೆಯವರು ಕಾರಿನ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟರು. ಕೊಡುವ ಮುನ್ನ ಒಂದು ಗಳಿಗೆ ಅದನ್ನು ಹಿಡಿದೇ ನಿಂತು, "ಗಾಡೀದು ಏನರೆ ಹೇಳೂದು ಅದ ಏನು?" ಎಂದು ಕೇಳಿದರು. ನಾನು ಯೋಚಿಸಿ, "ಎಂಜಿನ್ ಆಯಿಲ್ ಬದಲಿ ಮಾಡಸಬೇಕು" ಎಂದೆ. "ಆತು, ಮಾಡಸೋಣ" ಎಂದು ಕೀಲಿಯನ್ನು ಕೊಟ್ಟರು. ಆ ಪ್ರಶ್ನೆಯ ಅರ್ಥವನ್ನು ತಿಳಿಯಲು ಕನ್ನಡ ಎಂ.ಎ. ಪದವಿ ಸಾಲದಾಯಿತು.

ಮಗಳು ಇನ್ನೂ ಹಾಳೆಯನ್ನು ಹಿಡಿದು ನಿಂತಿದ್ದಳು. ಕಾರನ್ನು ತಾನೇ ಕೆಡಿಸಿದೆನೆಂದು ಅವಳಿಗೆ ಭಯ. ನೀನು ಕೆಡಿಸಿದ್ದಲ್ಲವೆಂದೆ. ಹಾಗಾದರೆ ಯಾರೆಂದು ಕೇಳಿದಳು. ಫರಸಿಯ ಮೇಲೆ ಅವಳ ಪಕ್ಕದಲ್ಲಿ ಕೂತು, ಬಾಳೆಯ ತೋಟದ ಕಲ್ಲುಗಂಬದಿಂದ ಪ್ರಾರಂಭಿಸಿ ಎಲ್ಲವನ್ನೂ ಹೇಳಿದೆ. ಅವ್ವ ಕಟ್ಟೆಯ ಮೇಲೆ ಕೂತು ಕೇಳಿದಳು. ಹೇಳಬೇಕಾದವರ ಮುಂದೆ ಹೇಳಲಿಲ್ಲ. ಅವರ ಹಿಂದೆ ಹೇಳಿದ್ದಾಯಿತು. ಮಗಳು ಕೊನೆಗೆ, "ಅಜ್ಜಾ ನಿಮ್ಮನ್ನ ಬೈತಿದ್ರೇನು?" ಎಂದು ಕೇಳಿದಳು. "ಇಲ್ಲ" ಎಂದಳು ಅವ್ವ, ನನ್ನ ಬದಲು.

ಪುಟ್ಟಿಯನ್ನು ಹಾಗೆಯೇ ತೆರೆದಿಡಬಾರದು. ಅದು ನೀರು ಹೀರಿ ಕೆಳಗಿನ ತಗಡನ್ನು ತಿನ್ನುತ್ತದೆ. ಉಸ್ತಾದರನ್ನು ಮತ್ತೆ ಕರೆಸಿದೆ. ಸುತ್ತಲಿನ ಬಣ್ಣಕ್ಕೆ ಕೈ ತಾಗದಂತೆ ಅಷ್ಟೇ ಜಾಗವನ್ನು ಉಜ್ಜಿ, ತುಕ್ಕು ತೆಗೆದು, ಹೊಸ ಪುಟ್ಟಿ ತುಂಬಿ, ಪ್ರೈಮರ್ ಹೊಡೆದರು. ಬಣ್ಣ ಕಲಸುವಾಗ ಒಂದು ಪ್ರಶ್ನೆ ಎದ್ದಿತು. "ಯಾವ ಕೆಂಪು ಕೂಡಸ್ಲಿ ಸರ್? ಮೊದಲು ಇದ್ದದ್ದೋ, ಈಗ ಇದ್ದದ್ದೋ?" ನಾನು ಅವ್ವನ ಕಡೆ ನೋಡಿದೆ. "ಈಗ ಇದ್ದದ್ದು" ಎಂದಳು.

ಅವರು ಬಟ್ಟಲಲ್ಲಿ ಕೆಂಪಿಗೆ ಬಿಳಿ, ಬಿಳಿಗೆ ಒಂದು ಹನಿ ಹಳದಿ ಎಂದು ಬೆರೆಸುತ್ತ, ಕಡ್ಡಿಯಲ್ಲಿ ಅದ್ದಿ ಬಾಗಿಲಿಗೆ ಹಿಡಿದು ನೋಡುತ್ತ ಅರ್ಧ ದಿನ ಕಳೆದರು. ಬಣ್ಣ ಆರಿದ ಮೇಲೆ ದೂರ ನಿಂತು ನೋಡಿದರು. ಹತ್ತಿರ ಬಂದು ನೋಡಿದರು. ಅವರ ಮುಖದಲ್ಲಿ ಸಮಾಧಾನವಿರಲಿಲ್ಲ.

"ಪೂರಾ ಕೂಡಲಿಲ್ರಿ ಸರ್. ಸ್ವಲ್ಪ ಫರಕ್ ಕಾಣ್ತದ."

ನಾನು ಬಗ್ಗಿ ನೋಡಿದೆ. ನಿಜ, ಕಾಣುತ್ತಿತ್ತು, ನನ್ನ ಕಣ್ಣಿಗೂ ಕಾಣುತ್ತಿತ್ತು.

"ಕಾಣಲಿ ಬಿಡ್ರಿ" ಎಂದೆ.